ನೀಲಿ ವಾಲ್ ಮೇಲಿನ ಧೂಳು

ಮೊಮ್ಮಕ್ಕಳೇ, ಹೋದ ವಾರ ನಿಮ್ಮ ಅವ್ವ ಚಹಾದ ಕೆಟಲ್ ತೊಳೆಯಲು ನಿಂಬಿ ಉಪ್ಪಿನ ಪೊಟ್ಟಣ ಒಡೆದಳು. ಕೆಟಲ್ ತಳದಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಟ್ಟಿತ್ತು. ಬಿಸಿ ನೀರಿಗೆ ಆ ಹುಳಿ ಹರಳು ಬಿದ್ದ ಕೂಡಲೇ ಸಣ್ಣಗೆ ಬುಸುಗುಟ್ಟಿ, ಹುಳಿ ಹಬೆ ಮೂಗಿಗೆ ಬಂತು. ನಾನು ತೊಗರಿ ಬೇಳೆ ಆರಿಸುತ್ತಿದ್ದೆ, ಮೊರ ಕೆಳಗಿಟ್ಟೆ. ‘ಏನಾಯ್ತವ್ವಾ?’ ಅಂದಳು ನಿಮ್ಮ ಅವ್ವ. ಏನಿಲ್ಲ ಅಂದೆ. ಬಾಯಿಂದ ಹೇಳಲು ನನಗೆ ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ವಾಸನೆ ಹಡಗಿನ ಕಾಕಾನದು.

ಚಿತ್ತಾಪುರದಿಂದ ವಾಡಿ ಕಡೆ ಹೋಗುವಾಗ ಬರುವ ನಮ್ಮ ಹಳ್ಳಿಯನ್ನು ನೀವು ನೋಡಿದ್ದೀರಿ. ನೆಲ ಒಂದು ಮೊಳ ತೋಡಿದರೆ ಮನೆಗೆ ಹಾಸುವ ಸುಣ್ಣದ ಫರ್ಸಿ ಕಲ್ಲು, ಸುತ್ತ ಅದನ್ನೇ ತೆಗೆಯುವ ಖಣಿ. ಬೋರಿನ ನೀರೂ ಆ ಕಲ್ಲನ್ನೇ ಕರಗಿಸಿಕೊಂಡು ಮೇಲೆ ಬರುತ್ತಿತ್ತು. ನಮ್ಮ ಹೊಲದ ಬೇಳೆ ನಮ್ಮ ಊರ ನೀರಿನಲ್ಲಿ ಬೇಯುತ್ತಿರಲಿಲ್ಲ. ಅರ್ಧ ದಿನ ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ನಿಮ್ಮ ಅಜ್ಜನಿಗೆ ಹೊಟ್ಟೆಯಲ್ಲಿ ಕಲ್ಲಿನ ನೋವು ಬರುತ್ತಿತ್ತು. ನೋವು ಬಂದಾಗ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದರು. ಕೊನೆಗೆ ಅವರು ಹೋದದ್ದೂ ಕಿಡ್ನಿ ಕೆಟ್ಟೇ. ನೀರಿನಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ನನಗೆ ಹೇಳಲಿಲ್ಲ. ಆದರೂ ಆ ಮೇಲೆ ಕೊಡದ ಒಳಗಿನ ಬಿಳಿ ಕರೆ ನೋಡಿದಾಗಲೆಲ್ಲ ನನ್ನ ಕೈ ತಡೆಯುತ್ತಿತ್ತು...

ಅವರು ಹೋದ ಮರುವರ್ಷ ನಮ್ಮ ಮನೆಯ ಗೋಡೆಗೆ ಹತ್ತಿ ಫಿಲ್ಟರ್ ನೀರಿನ ಕೋಣೆ ಬಂತು. ಅದನ್ನು ನೋಡಿಕೊಳ್ಳಲು ಪಂಚಾಯ್ತಿಯವರು ಕಾಕಾನನ್ನು ಇಟ್ಟರು. ಅವರು ಹರೆಯದಲ್ಲಿ ಮುಂಬೈಗೆ ಹೋಗಿ, ಬಂದರಿನಲ್ಲಿ ಮೂಟೆ ಹೊತ್ತು, ಆಮೇಲೆ ಸಾಹುಕಾರರು ಸಮುದ್ರ ಸುತ್ತುವ ಒಂದು ಹಡಗಿಗೆ ಕೆಲಸಕ್ಕೆ ಸೇರಿದವರು. ಆ ಹಡಗಿನಲ್ಲಿ ಸಮುದ್ರದ ಉಪ್ಪು ನೀರನ್ನು ಸಿಹಿ ಮಾಡುವ ಒಂದು ಮಷೀನ್ ಇತ್ತಂತೆ. ಇಪ್ಪತ್ತು ವರ್ಷ ಅದನ್ನು ತೊಳೆದು ಕಾಪಾಡಿದ್ದೇ ಕಾಕಾನ ಕೆಲಸ. ಮುಪ್ಪಿಗೆ ಊರಿಗೆ ಬಂದಾಗ ಈ ಮಾತು ಯಾರೂ ನಂಬಿರಲಿಲ್ಲ. ಕಟ್ಟೆಯ ಮೇಲೆ ಕೂತವರು, ‘ಕಾಕಾ, ನಮ್ಮೂರ ಹಳ್ಳದಾಗ ಯಾವಾಗ ಹಡಗಾ ಬಿಡ್ತೀರಿ?’ ಎಂದು ಕೇಳುತ್ತಿದ್ದರು. ‘ಮೊದಲ ಹಳ್ಳದಾಗ ನೀರು ತರ್ರಿ, ಹಡಗಾ ನಾ ತರ್ತೀನಿ’ ಎನ್ನುತ್ತಿದ್ದರು ಕಾಕಾ.

ಕೋಣೆಯೊಳಗಿನ ಮಷೀನ್ ಮಾತ್ರ ಹಡಗಿನದಕ್ಕೆ ತಮ್ಮನೇ ಅಂತೆ. ಉದ್ದನೆಯ ಬಿಳಿ ಕೊಳವೆ, ಅದರೊಳಗೆ ಸುತ್ತಿಟ್ಟ ತೆಳ್ಳನೆಯ ಪೊರೆ. ಪಂಪು ನೀರನ್ನು ಜೋರಿನಿಂದ ಆ ಪೊರೆಗೆ ಒತ್ತುತ್ತದೆ. ಸಿಹಿ ನೀರು ದಾಟುತ್ತದೆ, ಕಲ್ಲು ಕರಗಿದ ನೀರು ಈಚೆಗೇ ಉಳಿಯುತ್ತದೆ. ಉಳಿದ ಆ ನೀರನ್ನು ಹಾಗೇ ಬಿಟ್ಟು ಮಷೀನ್ ನಿಲ್ಲಿಸಿದರೆ ಪೊರೆಯ ಮೇಲೆ ಕಲ್ಲು ಕಟ್ಟಿಬಿಡುತ್ತದೆ. ಅದಕ್ಕೇ ದಿನಾ ಸಂಜೆ ಬಂದ್ ಮಾಡಿದ ಮೇಲೆ ಕಾಕಾ ನೀಲಿ ಬಣ್ಣದ ವಾಲ್ ತಿರುವಿ, ನಾಲ್ಕು ಕೊಡದಷ್ಟು ಸಿಹಿ ನೀರನ್ನು ವಾಪಸು ಮಷೀನಿಗೇ ಬಿಡುತ್ತಿದ್ದರು. ಒಳಗಿನದೆಲ್ಲ ತೊಳೆದುಕೊಂಡು ಆ ನೀರು ಗಟಾರಕ್ಕೆ ಹೋಗುತ್ತಿತ್ತು. ಹತ್ತು ನಿಮಿಷ. ಆ ಹತ್ತು ನಿಮಿಷ ಅವರು ಕೊಳವೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ನಿಂತಿರುತ್ತಿದ್ದರು.

ಸುತ್ತಲಿನ ಹಳ್ಳಿಗಳಲ್ಲಿ ಇಂಥ ಕೋಣೆಗಳಿಗೆ ಒಂದೊಂದಾಗಿ ಬೀಗ ಬಿದ್ದಿತ್ತು. ಒಂದರಲ್ಲಿ ಆಡು ಕಟ್ಟುತ್ತಿದ್ದರು. ನಮ್ಮೂರಿನದು ಮಾತ್ರ ನಡೆದೇ ಇತ್ತು. ಕುಕ್ಕರಿನ ಒಂದೇ ಶಿಳ್ಳಿಗೆ ಬೇಳೆ ಬೇಯತೊಡಗಿತ್ತು. ಮೊದಲ ದಿನ ಬೆಂದ ಬೇಳೆಯನ್ನು ಬೆರಳಿನಲ್ಲಿ ಹಿಚುಕಿ ನೋಡಿ, ಒಲೆಯ ಮುಂದೆ ಒಬ್ಬಳೇ ಅತ್ತಿದ್ದೆ.

ಮೂರನೆಯ ಬೇಸಿಗೆಯಲ್ಲಿ ಕಾಕಾನ ಒಂದು ಕಣ್ಣಿಗೆ ಪೊರೆ ಬಂತು. ಕಲಬುರಗಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬರಲು ಎಂಟು ದಿನ ಬೇಕಿತ್ತು. ಹೋಗುವ ಮುನ್ನ ಕೋಣೆಯ ಕೀಲಿ ತಂದು ನನ್ನ ಹೊಸ್ತಿಲ ಮೇಲಿಟ್ಟರು. ನನಗೆ ಗಾಬರಿಯಾಯಿತು. ಗಂಡಸರ ಕೈಗೆ ಕೊಡ್ರಿ ಎಂದೆ, ಸೆರಗಿನೊಳಗೇ.

‘ಊರಾಗ ನೀರು ತುಂಬಿದ ಮ್ಯಾಲ ನಳ ಪೂರಾ ಬಂದ್ ಮಾಡಿ ಹೋಗಾಕಿ ನೀ ಒಬ್ಬಾಕಿ ಯವ್ವಾ,’ ಎಂದರು. ‘ಕೆಂಪು ಗುಂಡಿ ಒತ್ತಿ ಬಂದ್ ಮಾಡು, ನೀಲಿ ವಾಲ್ ತಗಿ. ಹತ್ತು ನಿಮಿಷ ಮಷೀನ್ ಕುಡೀಲಿ. ಅದು ಕುಡಿದ್ರ ಊರು ಕುಡೀತದ.’

ಎರಡು ದಿನ ಸರಿಯಾಗಿ ಮಾಡಿದೆ. ಮೂರನೆಯ ಸಂಜೆ ಎದುರು ಮನೆಯಲ್ಲಿ ಲಗ್ನದ ಬೀಗರು ಬಂದಿಳಿದಿದ್ದರು. ಆ ಮನೆಯಾಕೆ ಕೊಡಗಳ ಸಮೇತ ಬಂದು, ನಾನು ವಾಲ್ ಮೇಲೆ ಕೈ ಇಟ್ಟಿದ್ದನ್ನು ನೋಡಿ ನಿಂತಳು. ಆಕೆಯ ಬಾಯಿಗೆ ಊರೇ ಹೆದರುತ್ತಿತ್ತು. ಮನಸ್ಸು ಮಾತ್ರ ಬೆಣ್ಣೆ.

‘ಏನ್ ವೈನಿ, ಮಂದಿ ಕುಡಿಯೋ ನೀರು ಗಟಾರಕ್ಕ ಬಿಡ್ಲಿಕತ್ತೀರಿ? ಮಷೀನ್‌ಗೂ ನೀರಡಿಕಿ ಆಗ್ಯದೇನ್? ಬೆಲ್ಲ ಕೊಡ್ರಿ ಅದಕ್ಕ, ಬಿಸಿಲಾಗಿಂದ ಬಂದದ ಪಾಪ!’

ಹಿಂದಿದ್ದವರೆಲ್ಲ ನಕ್ಕರು. ಕಾಕಾ ಹೇಳಿದ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. ನಾಲ್ಕು ಕೊಡ ತುಂಬಿಸಿ ಕೊಟ್ಟೆ. ಒಬ್ಬರಿಗೆ ಕೊಟ್ಟ ಮೇಲೆ ಮರುದಿನ ಇನ್ನೊಬ್ಬರಿಗೆ ಇಲ್ಲ ಎನ್ನುವುದು ಹೇಗೆ? ನಾಲ್ಕನೆಯ ಸಂಜೆಯೂ ಹಾಗೇ ಆಯಿತು. ಐದನೆಯ ಸಂಜೆಯೂ. ಆರನೆಯ ಮುಂಜಾನೆ ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟು ಕರೆಂಟ್ ಹೋಯಿತು. ತೊಳೆಯದ ಮಷೀನ್, ಹೊಟ್ಟೆ ತುಂಬ ಕಲ್ಲಿನ ನೀರು ಇಟ್ಟುಕೊಂಡು, ಆ ಬಿಸಿಲಿನಲ್ಲಿ ಮೂರು ದಿನ ನಿಂತಿತು.

ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು ಬಂದ ಮರುದಿನ ಹೊಸ ಟಿಸಿ ಕೂರಿಸಿದರು. ಮಷೀನ್ ಶುರು ಮಾಡಿದರೆ ನೀರಿನ ಒತ್ತಡ ತೋರಿಸುವ ಮುಳ್ಳು ಮೇಲೆ ಏರಿ ನಡುಗತೊಡಗಿತು. ನಳದಲ್ಲಿ ಬಂದದ್ದು ನೂಲಿನಷ್ಟು ನೀರು. ಕೋಣೆಯ ತುಂಬ ಜನ. ‘ಕರೆಂಟ್ ಹೋಗಿತ್ತಲ್ರಿ, ಅದಕ್ಕ ಕೆಟ್ಟದ’ ಎಂದು ಯಾರೋ ಅಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಪಂಚಾಯ್ತಿಯವರೊಬ್ಬರು, ಹೊಸ ಪೊರೆ ಬರುವುದು ಯಾವ ಕಾಲಕ್ಕೋ, ಸದ್ಯ ಬೀಗ ಹಾಕಿಬಿಡೋಣ ಎಂದರು. ಬೀಗ ಬಿದ್ದ ಕೋಣೆಗಳ ಕಥೆ ನನಗೆ ಗೊತ್ತಿತ್ತು. ನನಗೆ ಆಡು ಕಂಡವು, ಬೇಯದ ಬೇಳೆ ಕಂಡಿತು, ಗೋಡೆಗೆ ಹಣೆ ಒತ್ತಿ ನಿಂತ ನಿಮ್ಮ ಅಜ್ಜ ಕಂಡರು.

‘ಮೂರು ದಿನ ಕೊಡ್ರಿ,’ ಎಂದರು ಕಾಕಾ. ‘ಆಗಲಿಲ್ಲಂದ್ರ ನಾನೇ ಬೀಗ ಹಾಕ್ತೀನಿ.’

ಕಾಕಾ ಹೇಳಿದಂತೆ ನಾನು ಬಸ್ ಹತ್ತಿ ಚಿತ್ತಾಪುರಕ್ಕೆ ಹೋಗಿ ಅಂಗಡಿ ಅಂಗಡಿ ತಿರುಗಿ ನಿಂಬಿ ಉಪ್ಪು ತಂದೆ. ಒಬ್ಬಳೇ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕಾಕಾ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಸಣ್ಣ ಪಂಪಿನಿಂದ ಕೊಳವೆಯೊಳಗೆ ಸುತ್ತಾಡಿಸುತ್ತಿದ್ದರು. ಒಂದು ತಾಸು ಸುತ್ತಾಡಿಸುವುದು, ಒಂದು ತಾಸು ನೆನೆಯಲು ಬಿಡುವುದು. ವಾಪಸು ಬರುವ ನೀರು ಸುಣ್ಣದ ತಿಳಿಯಂತೆ ಮಸುಕಾಗಿತ್ತು. ಅದನ್ನು ಚೆಲ್ಲಿ ಮತ್ತೆ ಹೊಸದು. ಕಣ್ಣಿಗೆ ನೀರು ಸಿಡಿಯಬಾರದು ಎಂದು ಡಾಕ್ಟರು ಹೇಳಿದ್ದರಿಂದ ಸುರಿಯುವುದು ನಾನು, ತಿರುವುವುದು ಅವರು. ಕೋಣೆಯ ತುಂಬ ಆ ಹುಳಿ ವಾಸನೆ...

ಎರಡನೆಯ ದಿನ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ‘ಕಾಕಾ, ಕರೆಂಟ್ ಅಲ್ರಿ. ನಾನು ಮೂರು ದಿನ ನೀರು ಬಿಡಲಿಲ್ಲ’ ಎಂದೆ.

ಅವರು ಕೈ ನಿಲ್ಲಿಸಲಿಲ್ಲ. ‘ಗೊತ್ತದ ಯವ್ವಾ. ಬಂದ ದಿನಾನೇ ನೀಲಿ ವಾಲ್ ಮುಟ್ಟಿ ನೋಡಿದೆ. ಬೆರಳ ತುಂಬ ಖಣಿ ಧೂಳು ಹತ್ತಿತು. ಕೆಂಪು ಗುಂಡಿ ಮ್ಯಾಲ ಅಷ್ಟು ಇರಲಿಲ್ಲ.’

ಒಂದೇ ಕಣ್ಣಿನಲ್ಲಿ ಇಷ್ಟು ನೋಡಿದ್ದರು. ಊರವರ ಮುಂದೆ ಒಂದು ಮಾತೂ ಆಡಿರಲಿಲ್ಲ. ಆಗ ಅವರು ಹಡಗಿನ ಮಾತು ಹೇಳಿದರು. ಒಮ್ಮೆ ಬಂದರಿನಲ್ಲಿ ಅವಸರದಲ್ಲಿ, ಮಷೀನ್ ತೊಳೆಯಲು ದಂಡೆಯ ನಳದ ನೀರನ್ನು ನೇರವಾಗಿ ಬಿಟ್ಟುಬಿಟ್ಟಿದ್ದರಂತೆ. ನಳದ ನೀರಿನಲ್ಲಿ ಕ್ರಿಮಿ ಸಾಯಲು ಹಾಕಿದ ಔಷಧಿ ಇರುತ್ತದೆ. ಅದನ್ನು ಇದ್ದಿಲಿನ ಡಬ್ಬಿಯಲ್ಲಿ ಸೋಸಿ ಬಿಡಬೇಕು, ಇಲ್ಲದಿದ್ದರೆ ಪೊರೆಯನ್ನೇ ತಿಂದುಹಾಕುತ್ತದೆ. ನಡು ಸಮುದ್ರಕ್ಕೆ ಹೋದ ಮೇಲೆ ಮಷೀನ್ ಉಪ್ಪು ನೀರನ್ನೇ ಕೊಡತೊಡಗಿತು. ಬಾಟಲಿಯ ನೀರನ್ನು ಅಳೆದು ಕುಡಿಯುತ್ತ ಎಂಟು ದಿನ ಸಾಗಿದರಂತೆ.

‘ಹಡಗಿನ ದೊಡ್ಡ ಸಾಹೇಬ ಎಂಟೂ ದಿನ ನನಗ ಬೈದ. ಅವನ ಭಾಷಾದಾಗ ಬೈದ, ನನ್ನ ಭಾಷಾ ಕಲಿತು ಅದರಾಗೂ ಬೈದ. ನೀರು ಸಿಹಿ ಆಗ್ಲಿಲ್ಲ ನೋಡು,’ ಎಂದು ಕಾಕಾ ನಕ್ಕರು. ‘ಸುರೀ ಇನ್ನೊಂದು ಪೊಟ್ಟಣ.’

ಮೂರನೆಯ ಸಂಜೆ ಮುಳ್ಳು ಕೆಳಗಿಳಿಯಿತು. ನೂಲಿನಷ್ಟಿದ್ದ ನೀರು ಬೆರಳಿನಷ್ಟಾಯಿತು. ಹುಳಿಯೆಲ್ಲ ಹೋಗುವವರೆಗೆ ತೊಳೆದು ಚೆಲ್ಲಿದೆವು. ಮೊದಲಿನಷ್ಟು ಅಲ್ಲ, ಆದರೆ ಊರಿಗೆ ಸಾಲುವಷ್ಟು. ಸುದ್ದಿ ತಿಳಿದು ಹೆಂಗಸರು ಕೊಡ ಹಿಡಿದು ಬಂದರು. ಎದುರು ಮನೆಯಾಕೆ ಎಲ್ಲರಿಗಿಂತ ಮುಂದೆ. ಹೊತ್ತು ಮುಳುಗುವವರೆಗೆ ತುಂಬಿಸಿದೆ. ಆಮೇಲೆ ಕೆಂಪು ಗುಂಡಿ ಒತ್ತಿದೆ. ಇನ್ನೂ ಮೂರು ಜನ ಉಳಿದಿದ್ದರು, ಸಿಹಿ ನೀರಿನ ಟಾಕಿಯಲ್ಲಿ ಉಳಿದದ್ದು ನಾಲ್ಕೇ ಕೊಡ. ಕಾಕಾ ಮೆಟ್ಟಿಲ ಮೇಲೆ ಕೂತು, ಆ ಕಪ್ಪು ಕನ್ನಡಕದೊಳಗಿಂದ ಎತ್ತಲೋ ನೋಡುತ್ತಿದ್ದರು. ಅವರು ಹೇಳಲಿ ಎಂದು ಕಾದೆ. ಹೇಳಲಿಲ್ಲ.

‘ಇಲ್ಲ’ ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ‘ಇದು ಮಷೀನ್‌ದು. ನಾಳಿ ಮುಂಜಾನಿ ಬರ್ರಿ, ಮೊದಲು ನಿಮಗೇ ಕೊಡ್ತೀನಿ.’

‘ಅಯ್ಯ, ವೈನಿಗಿ ಬಾಯಿ ಅದ ಅಂತ ಇವತ್ತ ಗೊತ್ತಾಯ್ತು ನೋಡ್ರಿ!’ ಎಂದಳು ಎದುರು ಮನೆಯಾಕೆ. ಹೇಳಿದ್ದೇ ತಡ, ತನ್ನ ಇನ್ನೊಂದು ಖಾಲಿ ಕೊಡವನ್ನು ಮುಂಜಾನೆಯ ಪಾಳಿಗೆ ಮೆಟ್ಟಿಲ ಹತ್ತಿರವೇ ಇಟ್ಟು ಹೋದಳು. ಉಳಿದವರೂ ಇಟ್ಟರು. ನಾನು ನೀಲಿ ವಾಲ್ ತಿರುವಿ ಕೊಳವೆಯ ಮೇಲೆ ಅಂಗೈ ಇಟ್ಟು ನಿಂತೆ. ಒಳಗೆ ನೀರು ಓಡುವುದು ಕೈಗೆ ಗೊತ್ತಾಗುತ್ತಿತ್ತು, ತಣ್ಣಗೆ.

ಕೀಲಿಯನ್ನು ಕಾಕಾ ವಾಪಸು ಕೇಳಲೇ ಇಲ್ಲ. ಅದಾದ ಮೇಲೂ ನಾಲ್ಕು ವರ್ಷ ಆ ಮಷೀನ್ ನಡೆಯಿತು. ಕಾಕಾ ಹೋದದ್ದು ಒಂದು ಸೋಮವಾರ ಮಧ್ಯಾಹ್ನ. ಅವರ ಅಂಗಳದಲ್ಲಿ ಊರೇ ಕೂತಿತ್ತು, ನಾನೂ ಹೆಂಗಸರ ನಡುವೆ ಕೂತಿದ್ದೆ. ಮುಂಜಾನೆ ಮಷೀನ್ ನಡೆಸಿದ್ದೆ, ತೊಳೆದಿರಲಿಲ್ಲ. ಹೊತ್ತು ಇಳಿದಾಗ ಎದ್ದೆ. ಇಂಥ ಹೊತ್ತಿನಲ್ಲಿ ಎಲ್ಲಿಗೆ ಎಂದು ಯಾರೋ ಗೊಣಗಿದರು. ‘ಹೋಗ್ಲಿ ಬಿಡ್ರಿ, ಆಕಿಗಿ ಕೆಲಸ ಅದ’ ಎಂದಳು ಎದುರು ಮನೆಯಾಕೆ, ಅಳುತ್ತಲೇ. ನಾನು ಹೋಗಿ ಹತ್ತು ನಿಮಿಷ ನೀರು ಬಿಟ್ಟು ಬಂದು ಮತ್ತೆ ಅಲ್ಲೇ ಕೂತೆ.

ಈಗ ಹೊಳೆಯ ನೀರು ಪೈಪಿನಲ್ಲಿ ಮನೆ ಮನೆಗೆ ಬರುತ್ತದೆ. ಕೋಣೆಗೆ ಬೀಗ ಬಿದ್ದಿದೆ. ಪೊರೆ ಒಳಗೇ ಒಣಗಿ ಹೋಗಿರಬೇಕು. ನಾನೂ ಸೇಡಂಗೆ ನಿಮ್ಮ ಹತ್ತಿರ ಬಂದೆ. ಆಗ ನೂರು ಸಲ ಎದುರು ಕೂತಿದ್ದರೂ, ಸಮುದ್ರ ಹೇಗಿರುತ್ತದೆ ಎಂದು ಕಾಕಾನನ್ನು ಒಮ್ಮೆಯೂ ಕೇಳಲಿಲ್ಲ. ನಾಚಿಕೆ... ಇನ್ನು ಕೇಳಲು ಅವರಿಲ್ಲ.

ಅವತ್ತು ನಿಮ್ಮ ಅವ್ವ ಕೆಟಲನ್ನು ಒಂದೇ ಸಲ ಗಲಬರಿಸಿ ಬೋರಲು ಹಾಕಿದಳು. ನಾನು ಎದ್ದು ಹೋಗಿ ಮತ್ತೆ ನೀರು ತುಂಬಿಸಿ ಚೆಲ್ಲಿದೆ. ಮತ್ತೊಮ್ಮೆ ತುಂಬಿಸಿದೆ. ‘ಎಷ್ಟು ನೀರು ಚೆಲ್ತೀ ಅವ್ವಾ, ಸಾಕು ಬಿಡು’ ಎಂದಳು.

‘ಇಲ್ಲ’ ಎಂದೆ. ‘ಇನ್ನೂ ಹುಳಿ ಅದ.’