ಪಾಳಿ ಬಿಟ್ಟು ಒಳಗೆ ಹೋದವಳು

ಹಲಗೆಯ ಮೇಲೆ ಬರೆಯುತ್ತಿದ್ದಾಗ ಎಡಗಣ್ಣಿನ ಅಂಚಿನಲ್ಲಿ ಏನೋ ಫಳ್ ಎಂದಿತು. ಆಮೇಲೆ ಕಪ್ಪು ಚುಕ್ಕಿಗಳು. ನೊಣವೆಂದು ಕೈ ಬೀಸಿದೆ. ಮಕ್ಕಳು ನಕ್ಕರು. ಸುರಪುರದ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು ನಾನು, ನಗೆಗೀಡಾಗಿ ಅಭ್ಯಾಸವಿಲ್ಲ. ಇಬ್ಬರನ್ನು ಎದ್ದು ನಿಲ್ಲಿಸಿದೆ.

ಶಹಾಪುರದಲ್ಲಿ ಕಣ್ಣಿನ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಶರಣು ನನ್ನ ಹಳೆಯ ವಿದ್ಯಾರ್ಥಿ. ಹೋದಾಗ ಹೊರಗೆ ನಲವತ್ತು ಜನ ಕೂತಿದ್ದರು. ಡಾಕ್ಟರಿಗೆ ಕಣ್ಣಿನ ಒಳಗೆಲ್ಲ ಕಾಣಲೆಂದು ಕಾಂಪೌಂಡರ್ ಒಬ್ಬೊಬ್ಬರಿಗೂ ಪಾಪೆ ಅಗಲವಾಗುವ ಹನಿ ಹಾಕಿ ಕೂರಿಸುತ್ತಿದ್ದ. ನನ್ನನ್ನು ಕಂಡ ಶರಣು ಹೊರಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದ.

“ಟೀಚರ್, ನೀವ್ಯಾಕ ಪಾಳಿ ಹಚ್ಚೀರಿ? ಒಳಗ ಬರ್ರಿ.”

ಹೋದೆ. ಹೆಮ್ಮೆಯಿಂದಲೇ ಹೋದೆ. ಟಾರ್ಚ್ ಬಿಟ್ಟು ನೋಡಿದ. “ವಯಸ್ಸಿಗೆ ಬರೋದ್ರಿ ಇದು, ಅಂಜಬ್ಯಾಡ್ರಿ” ಎಂದು ಕಣ್ಣು ಒಣಗದಂತೆ ಹಾಕಿಕೊಳ್ಳುವ ಡ್ರಾಪ್ಸ್ ಬಾಟಲಿ ಕೈಗಿಟ್ಟ. ಫೀಸ್ ಕೊಡಹೋದರೆ ಕೈ ಮುಗಿದ. ಚೀಟಿ ಇಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ. ಒಂದು ತಿಂಗಳಲ್ಲಿ ಮೂರು ಸಲ ಹೋದೆ. ಮೂರೂ ಸಲ ಪಕ್ಕದ ಬಾಗಿಲಿನಿಂದ ಹೋಗಿ ಚಹಾ ಕುಡಿದು ಬಂದೆ. ಮೂರನೆಯ ಸಲ “ಪರದೆ ಇಳಿದಂಗ ಆಗಾಕತ್ತೈತಿ” ಎಂದೂ ಹೇಳಿದ್ದೆ.

ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣಿನ ಹಿಂಬದಿಯ ಪೊರೆ, ರೆಟಿನಾ, ಪೂರ್ತಿ ಕಿತ್ತು ಬಂದಿತ್ತು. “ಮೊದಲ ವಾರದಾಗ ಪಾಪೆ ಅಗಲಾಗೋ ಹನಿ ಹಾಕಿ ನೋಡಿದ್ರ ಗೊತ್ತಾಗ್ತಿತ್ತು” ಎಂದರು ಅಲ್ಲಿಯ ಡಾಕ್ಟರಮ್ಮ. ಆಪರೇಷನ್ ಆಯಿತು.

ಎಡಗಣ್ಣಿಗೆ ಈಗ ಬೆಳಕು ಮಾತ್ರ ಗೊತ್ತಾಗುತ್ತದೆ.

ಮನೆಯಲ್ಲಿ ನನ್ನ ಕಾಲು ಒಂದೆಡೆ ನಿಲ್ಲಲಿಲ್ಲ. ಅಡುಗೆಮನೆ, ಅಂಗಳ, ಮತ್ತೆ ಅಡುಗೆಮನೆ. ಎಡಕ್ಕೆ ತಿರುಗಿದಾಗಲೆಲ್ಲ ಬಾಗಿಲಿಗೆ ಭುಜ ಬಡಿಯುತ್ತಿತ್ತು, ಬಡಿದಾಗಲೆಲ್ಲ ಶರಣುವಿನ ಮೇಲೆ ಸಿಟ್ಟು, ಆಮೇಲೆ ಆ ಪಕ್ಕದ ಬಾಗಿಲನ್ನು ಖುಷಿಯಿಂದ ದಾಟಿದ ನನ್ನ ಮೇಲೆ. ಪಾಳಿಯಲ್ಲಿ ಕೂತಿದ್ದರೆ ನನಗೂ ಹನಿ ಬೀಳುತ್ತಿತ್ತು. ಅದೊಂದು ತಲೆ ಬಿಟ್ಟು ಹೋಗಲೊಲ್ಲದು. ನೋಡಲಾರದೆ ಯಜಮಾನರು ಯಾದಗಿರಿಯ ವಕೀಲರ ಬಳಿಗೆ ಕರೆದೊಯ್ದರು. ವಕೀಲರು ಕಲಬುರಗಿ ಆಸ್ಪತ್ರೆಯ ಫೈಲ್ ಓದಿ ಮುಚ್ಚಿದರು.

“ಗ್ರಾಹಕರ ಆಯೋಗಕ್ಕ ಕೇಸ್ ಹಾಕಬಹುದ್ರಿ. ಆದ್ರ ನೀವು ಆ ಕ್ಲಿನಿಕ್ಕಿಗೆ ಹೋಗಿದ್ದಕ್ಕ ಕಾಗದ ಏನೈತಿ?”

ಏನೂ ಇರಲಿಲ್ಲ.

ಮರುವಾರ ಶಹಾಪುರಕ್ಕೆ ಒಬ್ಬಳೇ ಹೋದೆ. ಟೋಕನ್ ತೆಗೆದುಕೊಂಡೆ, ಫೀಸ್ ಕಟ್ಟಿ ನನ್ನ ಹೆಸರಿನ ಚೀಟಿ ಮಾಡಿಸಿದೆ, ಬೆಂಚಿನ ಮೇಲೆ ಕೂತೆ. ಕಾಂಪೌಂಡರ್ ಬಲಗಣ್ಣಿಗೆ ಹನಿ ಹಾಕಿದ. ಉಳಿದದ್ದು ಅದೊಂದೇ ಕಣ್ಣು. ಶರಣು ಓಡಿ ಬಂದ.

“ಟೀಚರ್, ಒಳಗ ಬರ್ರಿ.”

“ನನ್ನ ಪಾಳಿ ಬರ್ಲಿ.”

ಒಂದೂವರೆ ತಾಸು ಕಾದೆ. ಒಳಗೆ ಅವನು ಬಲಗಣ್ಣನ್ನು ಬಹಳ ಹೊತ್ತು ನೋಡಿದ. “ಇದು ಚಲೋ ಐತ್ರಿ” ಎಂದ. ನನಗೆ ಸಮಾಧಾನವಾಯಿತು. ಚೀಟಿಯನ್ನು ಅವನ ಮುಂದೆ ಸರಿಸಿದೆ.

“ಮೊದ್ಲು ಮೂರು ಸಲ ನೋಡಿದ್ದು ಬರಿ. ಹನಿ ಹಾಕಿರಲಿಲ್ಲ ಅಂತನೂ ಬರಿ. ಇದು ಯಾದಗಿರಿ ವಕೀಲರ ಕೈಗೆ ಹೋಗ್ತೈತಿ, ತಿಳ್ಕೊಂಡೇ ಬರಿ.”

ಪೆನ್ನು ಹಿಡಿದು ಕೂತ. ಹೊರಗೆ ಮುಂದಿನ ಟೋಕನ್ ನಂಬರನ್ನು ಎರಡು ಸಲ ಕೂಗಿದರು. ಕೊನೆಗೆ ಬರೆದ, ಸಹಿ ಹಾಕಿದ, ನನ್ನ ಕೈಗೆ ಕೊಟ್ಟ. ಹನಿ ಹಾಕಿದ ಕಣ್ಣಿಗೆ ಅಕ್ಷರಗಳೆಲ್ಲ ಕಲಸಿಹೋಗಿದ್ದವು.

“ನನಗ ಕಾಣವಲ್ದು. ನೀನೇ ಓದು.”

ಅವನು ಶಾಲೆಯಲ್ಲಿದ್ದಂತೆ ಎದ್ದು ನಿಂತು ಓದಿದ. ನಾನು ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. “ಪರದೆ ಇಳಿದಂತಾಗುತ್ತಿದೆ ಎಂದು ಹೇಳಿದ್ದರು” ಎಂಬುದನ್ನು ತಾನಾಗಿ ಸೇರಿಸಿದ್ದ. ನನಗೆ ಅಳು ಬಂತು. ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡೆ. ಶರಣು ಇನ್ನೂ ನಿಂತೇ ಇದ್ದ.

“ಕುಂದ್ರು” ಎಂದೆ.