ಪೆಟ್ಟಿಗೆ ಜರುಗಿದ ದಿನ

ಬೀದಿಯವರೆಲ್ಲ ಅವರನ್ನು ಮೋಡಪ್ಪ ಎಂದೇ ಕರೆಯುತ್ತಿದ್ದರು. ಹವಾಮಾನ ಕೇಂದ್ರದ ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆ, ಅದರೊಳಗೆ ಉಷ್ಣಮಾಪಕ. ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ ಮೋಡಪ್ಪ ಅದರ ಮುಂದೆ ಹಾಜರು. ಮೂವತ್ತೊಂದು ವರ್ಷ ಕಣ್ಣಿಗೆ ಕಂಡದ್ದನ್ನೇ ಬರೆದರು. ಹಾಸಿಗೆ ಹಿಡಿದ ದಿನ ಆ ಸಾಲನ್ನು ಖಾಲಿ ಬಿಟ್ಟರೇ ಹೊರತು ಅಂದಾಜು ತುಂಬಲಿಲ್ಲ.

ನಿವೃತ್ತಿಯ ವರ್ಷ ಮುಖ್ಯ ಕಚೇರಿಯಿಂದ ಆಜ್ಞೆ ಬಂತು. ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು, ಅದೂ ಪ್ರತಿ ಅಳತೆಗೂ ಎಲ್ಲ ದೇಶದವರು ಕೂಡಿ ಒಪ್ಪಿದ ಹೆಸರಿನಲ್ಲೇ. ಮುಂದಿನ ತಿಂಗಳ ಕೊನೆಯ ಶನಿವಾರದೊಳಗೆ ಏರದಿದ್ದರೆ ಅವು ರದ್ದಿಯ ಪಾಲು.

ಅಂಕಿಗಳನ್ನು ತುಂಬಲು ತಿಂಗಳು ಹಿಡಿಯಿತು. ಹೆಸರಿನ ಕಾಟ ಕೊನೆಯ ವಾರಕ್ಕೆ ಕಾದಿತ್ತು. 'ತಾಪ' ಎಂದು ಬರೆದರು, ಯಂತ್ರ ಒಪ್ಪಲಿಲ್ಲ. ಪಟ್ಟಿ ಹುಡುಕಿ 'ಗಾಳಿಯ ತಾಪಮಾನ' ಎಂದರು. ನೆಲದಿಂದ ಎಷ್ಟು ಎತ್ತರದಲ್ಲಿ ಎಂದು ಕೇಳಿತು. ಅದನ್ನೂ ಕೊಟ್ಟರೆ, ಸೆಲ್ಸಿಯಸ್ ಬೇಡ, ಕೆಲ್ವಿನ್ ಬೇಕು, ಪ್ರತಿ ಅಂಕಿಗೂ ಇನ್ನೂರ ಎಪ್ಪತ್ತಮೂರು ಚಿಲ್ಲರೆ ಸೇರಿಸು ಎಂದಿತು.

"ಮೂವತ್ತೊಂದು ವರ್ಷದ ಕೂಸಿಗೆ ಈಗ ಹೆಸರಿಡ್ಬೇಕಂತೆ!" ಎಂದು ತಲೆ ಚಚ್ಚಿಕೊಂಡರು.

ಕೇಂದ್ರದ ಹಿಂದಿನ ಎರಡು ಕೋಣೆಗಳಲ್ಲೇ ಅವರ ಸಂಸಾರ. ಕಾಫಿ ತಂದ ಹೆಂಡತಿ ಪರದೆಯತ್ತ ಬಗ್ಗಿ ನೋಡಿದರು. "ಮುನ್ನೂರ ಎರಡಾ? ಅಷ್ಟು ಶಾಖಕ್ಕೆ ನಾವೆಲ್ಲ ಎಂದೋ ಬೂದಿ ಆಗ್ಬೇಕಿತ್ತಲ್ರೀ!"

"ಸುಮ್ನಿರೇ, ಮೊದ್ಲೇ ತಲೆ ಕೆಟ್ಟಿದೆ."

ಶುಕ್ರವಾರ ಕೊನೆಯ ಪ್ರಶ್ನೆ ಬಂತು: ಪೆಟ್ಟಿಗೆಯ ಸ್ಥಳ ಬದಲಾದ ದಿನಾಂಕ? ಮೋಡಪ್ಪನ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಮೂರಂತಸ್ತಿನ ಕಟ್ಟಡ ಎದ್ದು ಪೆಟ್ಟಿಗೆಗೆ ನೆರಳು ಬಿದ್ದಾಗ, ಅದನ್ನು ಕಿತ್ತು ಇಪ್ಪತ್ತು ಹೆಜ್ಜೆ ಆಚೆ ನೆಟ್ಟಿದ್ದರು. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಯಾರೂ ಕೇಳಲಿಲ್ಲ, ಇವರೂ ಬರೆಯಲಿಲ್ಲ.

ಮುಖ್ಯ ಕಚೇರಿಗೆ ಫೋನ್ ಮಾಡಿದರೆ ಅಲ್ಲಿಯ ಕಿರಿಯ ಅಧಿಕಾರಿ ನಕ್ಕ. "ಯಾವ್ದೋ ಒಂದು ದಿನ ಹಾಕ್ಬಿಡಿ ಸಾರ್. ಯಾರು ನೋಡ್ತಾರೆ?"

"ಯಾವ್ದೋ ಒಂದು ಅನ್ನೋ ದಿನ ಯಾವ ಕ್ಯಾಲೆಂಡರಲ್ಲಿದೆಯಪ್ಪಾ?" ಎಂದು ಫೋನ್ ಕುಕ್ಕಿದರು.

ಹೆಂಡತಿ ಬಾಗಿಲಲ್ಲೇ ನಿಂತಿದ್ದರು. "ಚಿಕ್ಕ ಮಗಳಿಗೆ ಮಂಗನಬಾವು ಬಂದಿತ್ತಲ್ಲ, ಆ ವಾರವೇ ರೀ. ಕೆನ್ನೆಗೆ ಬಟ್ಟೆ ಕಟ್ಕೊಂಡು ಕಿಟಕೀಲಿ ನಿಂತಿದ್ಳು. 'ಅಪ್ಪ ಗೂಡು ಹೊತ್ಕೊಂಡು ಹೋಗ್ತಿದಾನೆ' ಅಂತ ನಕ್ಕಳು. ನಕ್ಕು, ಕೆನ್ನೆ ನೋವಾಗಿ ಅತ್ತಳು."

ಟ್ರಂಕಿನ ತಳದಲ್ಲಿ ಡಾಕ್ಟರ ಚೀಟಿ ಸಿಕ್ಕಿತು. ಏಳು ದಿನದ ವಿಶ್ರಾಂತಿ, ತಾರೀಕಿನ ಸಮೇತ. ಆದರೆ ಏಳರಲ್ಲಿ ಯಾವುದು?

"ನಡುವಿನದನ್ನ ಹಾಕಿ. ಬೇಕಾದ್ರೆ ನಾನು ಆಣೆ ಮಾಡ್ತೀನಿ."

"ನಿನ್ನ ಆಣೆಗೆ ಯಂತ್ರದಲ್ಲಿ ಕಾಲಂ ಇಲ್ಲ ಕಣೇ."

ಶನಿವಾರ ಬೆಳಿಗ್ಗೆ ಮತ್ತೆ ಫೋನ್. "ಇಂಥ ವಾರದೊಳಗೆ ಅಂತ ಬರೀಬಹುದಾ?"

"ಆಗಲ್ಲ ಸಾರ್. ದಿನ ಗೊತ್ತಿಲ್ಲದಿದ್ರೆ ಆ ವಾರ ಅಳತೆಯೇ ಇಲ್ಲ ಅಂತ ತೋರ್ಸಿ. ವಾರದ ಹಿಂದಿನದು ಹಳೇ ಜಾಗ, ಮುಂದಿನದು ಹೊಸ ಜಾಗ, ಆಗ ಯಂತ್ರ ದಿನಾಂಕ ಕೇಳಲ್ಲ. ಇಲ್ಲದ ಅಳತೆಗೆ ಸಂಕೇತ ಗೊತ್ತಲ್ಲ, ಮೈನಸ್ ಒಂಬೈನೂರ ತೊಂಬತ್ತೊಂಬತ್ತು."

ಮೋಡಪ್ಪ ಆ ವರ್ಷದ ರಿಜಿಸ್ಟರು ಬಿಚ್ಚಿದರು. ಏಳು ದಿನ, ಎರಡು ಹೊತ್ತು, ಹದಿನಾಲ್ಕು ಅಂಕಿ. ಒಂದೂ ತಪ್ಪಿರಲಿಲ್ಲ. ಒಂದೊಂದನ್ನೂ ಬೆರಳಿಟ್ಟು ಓದಿ, ಅದರ ಜಾಗದಲ್ಲಿ ಆ ಸಂಕೇತವನ್ನು ಹದಿನಾಲ್ಕು ಸಲ ಒತ್ತಿದರು. ವಾರವಿಡೀ ಸತಾಯಿಸಿದ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ನುಂಗಿತು.

"ಏರಿತಲ್ರೀ, ಇನ್ಯಾಕೆ ಮುಖ ಹೀಗೆ?"

"ಸುಳ್ಳು ತಾರೀಕು ಬರೆಯಲ್ಲ ಅಂತ ಹಟ ಹಿಡಿದೆ," ಎಂದರು ಮೋಡಪ್ಪ. "ಆ ಏಳು ದಿನಾನೂ ನಿಂತು ನೋಡಿದೀನಿ ಕಣೇ. ನೋಡೇ ಇಲ್ಲ ಅಂತ ನನ್ನ ಕೈಯಲ್ಲೇ ಬರೆಸಿತಲ್ಲ ಮುಂಡೇದು!"