ನೋವು ತಿಳಿಯದ ಕಾಲು

ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಮುಲಾಮಿನಕ್ಕ ಎಂದೇ ಕರೆಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಸೋಪಿನ ನೀರಿನಲ್ಲಿ ನಿಂತು ಮಾಡುವ ಕೆಲಸ. ಸೇರಿದ ವರ್ಷವೇ ಅವಳ ಹಿಮ್ಮಡಿ ಒಡೆದು, ನಡೆದಲ್ಲೆಲ್ಲ ನೆಲಕ್ಕೆ ರಕ್ತದ ಕಲೆ ಬೀಳತೊಡಗಿತ್ತು. ಆಗ ತಾಯಿ ಮಾಡುತ್ತಿದ್ದ ಮುಲಾಮನ್ನು ನೆನಪು ಮಾಡಿಕೊಂಡು ತಾನೇ ಮಾಡಲು ಕೂತಳು.

ನೆರಳಲ್ಲಿ ಒಣಗಿಸಿದ ಚೆಂಡುಹೂವಿನ ಎಸಳನ್ನು ಎಣ್ಣೆಗೆ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು, ಎಣ್ಣೆಗೆ ಬಣ್ಣ ಬಿಡುವವರೆಗೆ ಕಾಯುತ್ತಿದ್ದಳು. ಆಮೇಲೆ ಸೋಸಿ, ಜೇನುಮೇಣ ಕರಗಿಸಿ ಡಬ್ಬಿಗೆ ಸುರಿಯುತ್ತಿದ್ದಳು. ಲೋಳೆಸರದ ತಿರುಳು ಬೆರೆತರೆ ಮುಲಾಮು ಬೇಗ ಹಳಸುತ್ತದೆಂದು ಅದನ್ನು ಬೇರೆಯಾಗಿಯೇ ಹಚ್ಚಿಕೊಳ್ಳಲು ಹೇಳುತ್ತಿದ್ದಳು. ಲಾಂಡ್ರಿಯ ಹೆಂಗಸರಿಗೆಲ್ಲ ಆ ಮುಲಾಮು ಹಿಡಿಸಿತು. "ಇಲ್ಲಿನ ಸೋಪು ಮಾಡೋ ಪಾಪಕ್ಕೆಲ್ಲ ನಿನ್ನ ಡಬ್ಬಿನೇ ಪ್ರಾಯಶ್ಚಿತ್ತ ಕಣೇ" ಎಂದು ನಗುತ್ತಿದ್ದರು. ಅವಳಿಗೂ ಒಳಗೊಳಗೆ ಹೆಮ್ಮೆ.

ಪಕ್ಕದ ತೊಟ್ಟಿಯಲ್ಲಿ ಕೆಲಸ ಮಾಡುತ್ತಿದ್ದವಳು ಅವಳ ನಾದಿನಿ, ಗಂಡನ ತಂಗಿ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು. ಅತ್ತಿಗೆ ನಾದಿನಿ ಒಂದೇ ಹಾಸಿಗೆಯಲ್ಲಿ ಕೂತು ಹರಟುವಷ್ಟು ಹೊಂದಿಕೊಂಡಿದ್ದರು. ನಾದಿನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ.

ಒಂದು ದಿನ ರಬ್ಬರ್ ಬೂಟು ಉಜ್ಜಿ ನಾದಿನಿಯ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಮುಲಾಮಿನಕ್ಕ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದು, ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು.

"ಡಾಕ್ಟರಿಗೆ ತೋರಿಸೋಣ್ವಾ?"

"ಇಷ್ಟಕ್ಕೆಲ್ಲ ರಜೆ ಹಾಕ್ತಾರಾ? ನಿನ್ನ ಕೈಗುಣ ಇದೆಯಲ್ಲ ಅತ್ತಿಗೆ."

ವಾರ ಕಳೆಯಿತು. ಗಾಯ ಮುಚ್ಚಲಿಲ್ಲ. ಆದರೆ ಕೇಳಿದಾಗಲೆಲ್ಲ ನಾದಿನಿ, "ಒಂಚೂರೂ ನೋವಿಲ್ಲ, ಚೆನ್ನಾಗಿ ಹಿಡಿದಿದೆ" ಎನ್ನುತ್ತಿದ್ದಳು. ನೋವಿಲ್ಲ ಅಂದಮೇಲೆ ವಾಸಿಯಾಗುತ್ತಿದೆ ಎಂದೇ ಮುಲಾಮಿನಕ್ಕ ನಂಬಿದಳು. ಇನ್ನೊಂದು ವಾರ ಹಚ್ಚಿದಳು. ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಬೆರಳು ಕಪ್ಪಾಗಿತ್ತು. ಹೂವಿನ ಎಣ್ಣೆಯ ವಾಸನೆಯನ್ನೂ ಮೀರಿ ಕೊಳೆತ ವಾಸನೆ ಮೂಗಿಗೆ ಬಡಿಯಿತು. ನಾದಿನಿ ಮಾತ್ರ ಏನೂ ತಿಳಿಯದವಳಂತೆ ಟೀ ಕುಡಿಯುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿಯ ತುದಿಯಿಂದ ಪಾದವನ್ನು ಚುಚ್ಚುತ್ತಾ ಹೋದರು. ಕಣ್ಣು ಮುಚ್ಚಿದ್ದ ನಾದಿನಿಗೆ ಒಂದೂ ಗೊತ್ತಾಗಲಿಲ್ಲ.

"ನೋವಿಲ್ಲ ಅಂದ್ರೆ ಗುಣ ಆಗ್ತಿದೆ ಅಂತಲ್ಲಮ್ಮ. ಈ ಕಾಲಿಗೆ ಸ್ಪರ್ಶವೇ ಹೋಗಿದೆ. ಮೊದಲ ವಾರವೇ ಬಂದಿದ್ರೆ ಬೆರಳಲ್ಲಿ ಮುಗೀತಿತ್ತು."

ಮೊಣಕಾಲಿನ ಕೆಳಗೆ ಕಾಲನ್ನು ತೆಗೆದರು.

ಗಂಡ ಜಗಳವಾಡಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ನಿನ್ನನ್ನು ನಂಬಿದ್ದಳು" ಎಂದಷ್ಟೇ ಹೇಳಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಬಂದವಳೇ ಇದ್ದಬದ್ದ ಡಬ್ಬಿಗಳನ್ನೆಲ್ಲ ಕಸಕ್ಕೆ ಹಾಕಿದಳು. ಲಾಂಡ್ರಿಯಲ್ಲಿ ಯಾರು ಕೇಳಿದರೂ, "ಮಾಡ್ತಿಲ್ಲ ಕಣ್ರೇ" ಎಂದು ಮುಖ ತಿರುಗಿಸುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ, ಕಿಟಕಿಯ ಪಕ್ಕ ಕೂತಿದ್ದ ನಾದಿನಿ, "ಇರೋ ಒಂದು ಕಾಲೂ ಒಣಗಿ ಬಿರುಕು ಬಿಡ್ತಿದೆ. ಸ್ವಲ್ಪ ಮುಲಾಮು ಮಾಡಿಕೊಡ್ತೀಯಾ ಅತ್ತಿಗೆ?" ಎಂದಳು.

ಮುಲಾಮಿನಕ್ಕ ಒಳಗೆ ಹೋದಳು. ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದು ಎದುರಿಗೆ ಕೂತಳು.

"ಕಣ್ಣು ಮುಚ್ಚು. ಮುಟ್ಟಿದಾಗ ಹೇಳು."

ನಾದಿನಿ ಕಣ್ಣು ಮುಚ್ಚಿದಳು. ಕಡ್ಡಿ ಇನ್ನೂ ಪಾದಕ್ಕೆ ತಾಗದೆ ಗಾಳಿಯಲ್ಲಿರುವಾಗಲೇ, "ಹೂಂ, ಗೊತ್ತಾಯ್ತು" ಎಂದಳು.

ಮುಲಾಮಿನಕ್ಕನ ಕೈ ಅಲ್ಲೇ ನಿಂತಿತು. ಕಡ್ಡಿ ಕೆಳಗಿಟ್ಟು ಎದ್ದು, ಅಂದಿಗೆ ರಜೆ ಬೇಕೆಂದು ಲಾಂಡ್ರಿಗೆ ಫೋನ್ ಮಾಡಿದಳು. ನಾದಿನಿಯ ಊರುಗೋಲುಗಳನ್ನು ತಂದು ಕೈಗಿಟ್ಟಳು.

"ನಡಿ, ಆಸ್ಪತ್ರೆಗೆ ಹೋಗೋಣ."

"ನಾನು ಗೊತ್ತಾಯ್ತು ಅಂದೆನಲ್ಲ ಅತ್ತಿಗೆ."

"ಕೇಳಿಸ್ತು. ಏಳು."